ಬಾಗಿಲು ಪೂರ್ವಕ್ಕೆ, ಕಿಟಕಿ ಯಾವ ಕಡೆಗೆ?

ಮತ್ತೆ ಸಂಕ್ರಾಂತಿ ಬಂದಿದೆ. ದೇವಸ್ಥಾನದಲ್ಲಿ ಎಳ್ಳು ಬೆಲ್ಲ ಹಂಚುವಾಗ ಮಕ್ಕಳು "ಉತ್ತರಾಯಣ ಎಂದರೇನು?" ಎಂದು ಕೇಳುತ್ತಾರೆ. "ಸೂರ್ಯ ಉತ್ತರಕ್ಕೆ ತಿರುಗುವ ಕಾಲ" ಎಂದು ಹೇಳಿ ನಾವು ಮುಂದೆ ಹೋಗುತ್ತೇವೆ. ಆ ಒಂದು ಮಾತನ್ನು ಸರಿಯಾಗಿ ತಿಳಿದುಕೊಂಡರೆ ಮನೆಯ ಕರೆಂಟು, ಗ್ಯಾಸು ಎರಡರ ಬಿಲ್ಲನ್ನೂ ಇಳಿಸಬಹುದು. ಈ ಸಲದ ಪಾಠ ಅದರ ಬಗ್ಗೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇನೆ. ಇಲ್ಲಿ ನ್ಯೂಜೆರ್ಸಿಯಲ್ಲಿ ಮನೆ ಕೊಳ್ಳುವಾಗ ನಾವು ಹುಡುಕಿದ್ದು ಒಂದೇ, ಪೂರ್ವದ ಬಾಗಿಲು. ಸಿಕ್ಕಿತು. ಆದರೆ ಹಿಂಭಾಗದ ದೊಡ್ಡ ಗಾಜಿನ ಕಿಟಕಿಗಳೆಲ್ಲ ಪಶ್ಚಿಮಕ್ಕೆ. ದಕ್ಷಿಣದ ಗೋಡೆಯಲ್ಲಿ ಒಂದು ಕಿಂಡಿಯೂ ಇಲ್ಲ. ಜುಲೈ ತಿಂಗಳ ಸಂಜೆ ದೇವರ ಕೋಣೆಯಲ್ಲಿ ದೀಪ ಹಚ್ಚಿ ಹತ್ತು ನಿಮಿಷ ಕೂರಲಾಗದು. ಜನವರಿಯ ಮಧ್ಯಾಹ್ನ ಹೊರಗೆ ಒಳ್ಳೆಯ ಬಿಸಿಲಿದ್ದರೂ ಒಳಗೆ ಬರದು. ಎರಡು ಕಾಲದಲ್ಲೂ ಯಂತ್ರ ಓಡಲೇಬೇಕು. ಬಾಗಿಲಿನ ದಿಕ್ಕನ್ನು ಎಲ್ಲರೂ ಕೇಳುತ್ತೇವೆ, ಕಿಟಕಿಯ ದಿಕ್ಕನ್ನು ಕೇಳುವವರು ಕಡಿಮೆ.

ಸೂರ್ಯನ ದಾರಿ

ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ನಮ್ಮ ಪಂಚಾಂಗ ನಕ್ಷತ್ರಗಳನ್ನು ಆಧರಿಸಿದ್ದು. ಭೂಮಿಯ ಅಕ್ಷ ಬುಗುರಿಯಂತೆ ಬಹು ನಿಧಾನವಾಗಿ ತೊನೆಯುವುದರಿಂದ ಮಕರ ಸಂಕ್ರಾಂತಿ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಮುಂದಕ್ಕೆ ಹೋಗುತ್ತಾ ಈಗ ಜನವರಿ 14 ಅಥವಾ 15ಕ್ಕೆ ಬರುತ್ತದೆ.

ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ, ಆಗಸ್ಟ್ ಮಧ್ಯದಲ್ಲಿ ಇನ್ನೊಂದು ದಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಕಂಬಕ್ಕೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವೆ ನಡುಹಗಲಿನ ಬಿಸಿಲು ಉತ್ತರದಿಂದ ಬೀಳುತ್ತದೆ. ಅಲ್ಲಿ ನಾಲ್ಕೂ ಗೋಡೆಗೆ ನೆರಳು ಬೇಕು. ಮಲೆನಾಡಿನ ಹಂಚಿನ ಮನೆಗೆ ಸುತ್ತಲೂ ಉದ್ದನೆಯ ಸೂರು ಇರುವುದು ಮಳೆಗೆ ಮಾತ್ರವಲ್ಲ, ಬಿಸಿಲಿಗೂ ಹೌದು.

ನಾವಿರುವುದು ಸುಮಾರು 40 ಡಿಗ್ರಿಯಲ್ಲಿ. ಇಲ್ಲಿ ಸೂರ್ಯ ಎಂದೂ ನೆತ್ತಿಗೆ ಬರುವುದಿಲ್ಲ. ನಡುಹಗಲಿನಲ್ಲಿ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಜೂನ್ 21ರಂದು 73 ಡಿಗ್ರಿ ಎತ್ತರ, ಡಿಸೆಂಬರ್ 21ರಂದು ಕೇವಲ 27 ಡಿಗ್ರಿ. ಈ ಎರಡು ಅಂಕಿಗಳೇ ನಮಗೆ ಬೇಕಾದ ಶಾಸ್ತ್ರ.

ಒಂದೂವರೆ ಅಡಿಯ ಸೂರು

ದಕ್ಷಿಣದ ಗೋಡೆಯಲ್ಲಿ 4 ಅಡಿ ಎತ್ತರದ ಕಿಟಕಿ ಇದೆ ಎನ್ನಿ. ಅದರ ಮೇಲಂಚಿಗೆ ಒಂದೂವರೆ ಅಡಿ ಚಾಚಿದ ಸೂರು ಹಾಕಿದರೆ ಜೂನ್ ನಡುಹಗಲಿನಲ್ಲಿ ನೆರಳು 5 ಅಡಿ ಕೆಳಗಿಳಿದು ಕಿಟಕಿಯನ್ನು ಪೂರ್ತಿ ಮುಚ್ಚುತ್ತದೆ. ಡಿಸೆಂಬರಿನಲ್ಲಿ ಅದೇ ಸೂರಿನ ನೆರಳು 9 ಅಂಗುಲ ಮಾತ್ರ. ಬಿಸಿಲು ಕೋಣೆಯ ಒಳಗಿನವರೆಗೆ ಬಂದು ಬೆಚ್ಚಗಿಡುತ್ತದೆ. ಇದಕ್ಕೆ ವಿದ್ಯುತ್ತೂ ಬೇಡ, ರಿಪೇರಿಯೂ ಬೇಡ.

ಪೂರ್ವ ಪಶ್ಚಿಮದ ಕಿಟಕಿಗೆ ಈ ಉಪಾಯ ನಡೆಯದು. ಬೆಳಗ್ಗೆ, ಸಂಜೆ ಸೂರ್ಯ ತಗ್ಗಿನಲ್ಲಿರುವುದರಿಂದ ಕಿರಣ ಸೂರಿನ ಕೆಳಗೆ ನುಸುಳಿ ಬರುತ್ತದೆ. ಗಾಜು ಬೆಳಕನ್ನು ಒಳಗೆ ಬಿಟ್ಟು, ಕಾವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಆದ್ದರಿಂದ ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಪಶ್ಚಿಮಕ್ಕೆ ಒಂದು ಮೇಪಲ್ ಮರ ನೆಟ್ಟರೆ ಬೇಸಿಗೆಯಲ್ಲಿ ಎಲೆ ತುಂಬಿ ನೆರಳು, ಚಳಿಗಾಲದಲ್ಲಿ ಎಲೆ ಉದುರಿ ಬಿಸಿಲು.

ದೊಮ್ಮಲೂರಿನ ಒಂದು ಕಟ್ಟಡ

ಇದು ಹಳೆಯ ಕಾಲದ ಮಾತು ಎನ್ನುವವರು ಮುಂದಿನ ಸಲ ಊರಿಗೆ ಹೋದಾಗ ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಟೆರಿ ಸಂಸ್ಥೆಯ ಕಟ್ಟಡವನ್ನು ನೋಡಬೇಕು. ಆ ನಿವೇಶನದ ದಕ್ಷಿಣಕ್ಕೆ ವಾಸನೆ ಹೊಡೆಯುವ ಚರಂಡಿ; ಗಾಳಿ ಬೀಸುವುದೂ ಅದೇ ಕಡೆಯಿಂದ. ಬೇರೆಯವರಾಗಿದ್ದರೆ ಕಿಟಕಿ ಮುಚ್ಚಿ ಎಸಿ ಹಾಕುತ್ತಿದ್ದರು. ಇಲ್ಲಿ ದಕ್ಷಿಣದ ಗೋಡೆಯನ್ನು ಮುಚ್ಚಿ, ಹೊರಮೈಗೆ ಕಪ್ಪು ಕಡಪ ಕಲ್ಲು ಹೊದಿಸಿ, ನಡುವೆ ಟೊಳ್ಳು ಬಿಟ್ಟರು. ಬಿಸಿಲಿಗೆ ಕಪ್ಪು ಕಲ್ಲು ಕಾಯುತ್ತದೆ, ಟೊಳ್ಳಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಆ ಜಾಗ ತುಂಬಲು ಉತ್ತರದ ಕಡೆಯ ತಂಪು ಗಾಳಿ ಕಟ್ಟಡದೊಳಗೆ ಹರಿದು ಬರುತ್ತದೆ. ಅಂದರೆ ಸೂರ್ಯನ ಕಾವಿನಿಂದಲೇ ತಂಪು! ತೊಟ್ಟಿ ಮನೆಯ ಅಂಗಳದಲ್ಲಿ ಬಿಸಿ ಗಾಳಿ ಮೇಲೆ ಹೋಗುವುದೂ ಇದೇ ತತ್ತ್ವದಿಂದ. ಅದೇ ಬೆಂಗಳೂರಿನಲ್ಲಿ ಚಳಿ ದೇಶದ ನಕ್ಷೆ ನೋಡಿ ಕಟ್ಟಿದ ಗಾಜಿನ ಗೋಪುರಗಳೂ ಇವೆ. ಅವು ದಿನವಿಡೀ ಎಸಿಯ ಬಲದಲ್ಲೇ ನಿಲ್ಲಬೇಕು.

ಸೋಲಾರ್ ಫಲಕ ಹಾಕುವ ಮುನ್ನ

ನಮ್ಮಲ್ಲಿ ಹಲವರು ಚಾವಣಿಗೆ ಸೋಲಾರ್ ಹಾಕಿಸುವ ಯೋಚನೆಯಲ್ಲಿದ್ದಾರೆ. ಒಳ್ಳೆಯದೇ. ದಕ್ಷಿಣಕ್ಕೆ ಇಳಿಜಾರಾಗಿ ನೆರಳಿಲ್ಲದ ಚಾವಣಿಯಿದ್ದರೆ ನ್ಯೂಜೆರ್ಸಿಯಲ್ಲಿ ಒಂದು ಕಿಲೋವಾಟ್ ಫಲಕದಿಂದ ವರ್ಷಕ್ಕೆ ಸುಮಾರು 1,200 ಯೂನಿಟ್ ಸಿಗುತ್ತದೆ. ಚಳಿಯಿಂದ ಫಲಕಕ್ಕೆ ನಷ್ಟವಿಲ್ಲ, ಅತಿ ಬಿಸಿಯಾದಾಗಲೇ ಅದರ ಶಕ್ತಿ ಸ್ವಲ್ಪ ಇಳಿಯುವುದು. ಆದರೆ ಸ್ವಂತ ಮನೆಗೆ ಹಾಕಿಸಿದವರಿಗೆ ಫೆಡರಲ್ ಸರಕಾರ ಕೊಡುತ್ತಿದ್ದ ಶೇಕಡಾ 30ರ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ರ ನಂತರದ ಖರ್ಚಿಗೆ ಇಲ್ಲ. ಮನೆಗೆ ಬಂದ ಮಾರಾಟಗಾರರು ಅದನ್ನು ಸೇರಿಸಿ ಲೆಕ್ಕ ತೋರಿಸಿದರೆ ಸಹಿ ಹಾಕುವ ಮುನ್ನ ಯೋಚಿಸಿ.

ತೂತು ಬಿಂದಿಗೆಗೆ ಎಷ್ಟು ನೀರು ಸುರಿದರೇನು? ಮೊದಲು ಅಟ್ಟಕ್ಕೆ ಇನ್ಸುಲೇಶನ್, ಬಾಗಿಲು ಕಿಟಕಿಯ ಸಂದುಗಳಿಗೆ ಪಟ್ಟಿ, ಬಿಸಿಲಿಗೆ ಹೊರಗಿನಿಂದ ತಡೆ. ಆಮೇಲೆ ಉಳಿದ ಅಗತ್ಯಕ್ಕೆ ತಕ್ಕಷ್ಟು ಫಲಕ ಸಾಕು, ಖರ್ಚೂ ಕಡಿಮೆ. ಈ ಕ್ರಮ ಮನೆಗೂ ಸರಿ, ದೇವಸ್ಥಾನದ ಸಭಾಂಗಣಕ್ಕೂ ಸರಿ.

ಮಕ್ಕಳಿಗೆ ಮನೆಗೆಲಸ

ಒಂದು ಅಡಿ ಉದ್ದದ ಕಡ್ಡಿಯನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ, ನಡುಹಗಲಿನ ನೆರಳನ್ನು ಪ್ರತಿ ತಿಂಗಳ 21ರಂದು ಅಳೆದು ಬರೆದಿಡಿ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಮರೆಯಬೇಡಿ. ಜೂನ್‌ನಲ್ಲಿ ಮೂರೂವರೆ ಅಂಗುಲ, ಡಿಸೆಂಬರಿನಲ್ಲಿ ಎರಡು ಅಡಿ ಬರಬೇಕು. ಊರಿನಲ್ಲಿರುವ ಅಜ್ಜ ಅಜ್ಜಿಗೂ ಫೋನ್ ಮಾಡಿ ಅಳೆಯಲು ಹೇಳಿ. ಜೂನ್‌ನಲ್ಲಿ ಅವರ ನೆರಳು ದಕ್ಷಿಣಕ್ಕೆ, ನಿಮ್ಮದು ಉತ್ತರಕ್ಕೆ ಬಿದ್ದಿರುತ್ತದೆ. ಸೂರ್ಯ ಒಬ್ಬನೇ, ನಾವು ನಿಂತ ಜಾಗ ಬೇರೆ. ಮನೆಯನ್ನೂ ನಿಂತ ಜಾಗಕ್ಕೆ ತಕ್ಕಂತೆ ಆರಿಸಿಕೊಳ್ಳೋಣ.

ಎಲ್ಲರಿಗೂ ಸಂಕ್ರಾಂತಿಯ ಶುಭಾಶಯಗಳು.