ಕೆಟ್ಟಿದ್ದು ಕ್ಯಾಸೆಟ್ ಅಲ್ಲ!

ಸೆಮಿಸ್ಟರ್ ರಜೆಯಲ್ಲಿ ನಾವಿಬ್ಬರು ರೂಮ್‌ಮೇಟ್‌ಗಳು ಸವದತ್ತಿಗೆ ಹೋಗಿದ್ವಿ. ನಮ್ಮಲ್ಲೊಬ್ಬನ ಮನೆ ಅಲ್ಲೇ ಇದೆ. ಆಯಿ ಟ್ರಂಕಿನಿಂದ ಒಂದು ವಿಎಚ್‌ಎಸ್ ಕ್ಯಾಸೆಟ್ ತೆಗೆದು ಕೊಟ್ಟರು. 1997ರಲ್ಲಿ ಅಜ್ಜ ನ್ಯೂಜೆರ್ಸಿಯ ಮಗಳ ಮನೆಗೆ ಹೋದಾಗ ಅಲ್ಲಿ ತೆಗೆದ ವಿಡಿಯೋ ಅದು. ಅಜ್ಜ ಈಗ ಇಲ್ಲ. ಅವರ ದನಿ ಇರೋದು ಇದೊಂದರಲ್ಲೇ.

"ಅಂಗಡ್ಯಾವ ಕೆಟ್ಟೈತಿ, ಒಗೀರಿ ಅಂದ. ನೀವು ಇಂಜಿನಿಯರಿಂಗ್ ಓದಾಕತ್ತೀರಲ್ಲ, ಒಂಚೂರು ನೋಡ್ರಪ್ಪಾ" ಅಂದರು ಆಯಿ.

ಕ್ಯಾಸೆಟ್ ಕೆಟ್ಟಿರಲಿಲ್ಲ. ಅದು ಎನ್‌ಟಿಎಸ್‌ಸಿ, ನಮ್ಮ ದೇಶದ್ದು ಪಾಲ್. ಡಬ್ಬಿ ಒಂದೇ ಥರ ಇದ್ದರೂ ಒಳಗಿನ ಲೆಕ್ಕ ಬೇರೆ:

- ಪಾಲ್: 625 ಗೆರೆ, ಸೆಕೆಂಡಿಗೆ 25 ಫ್ರೇಮ್.
- ಎನ್‌ಟಿಎಸ್‌ಸಿ: 525 ಗೆರೆ, ಸೆಕೆಂಡಿಗೆ 29.97 ಫ್ರೇಮ್.

ವಿಸಿಆರ್ ಒಳಗಿನ ಹೆಡ್ ಡ್ರಮ್ ಒಂದು ಸುತ್ತಿಗೆ ಒಂದು ಫ್ರೇಮ್ ಓದುತ್ತದೆ. ಹಾಗಾಗಿ ಪಾಲ್‌ನಲ್ಲಿ ಡ್ರಮ್ ನಿಮಿಷಕ್ಕೆ 1500 ಸುತ್ತು, ಎನ್‌ಟಿಎಸ್‌ಸಿಯಲ್ಲಿ ಸುಮಾರು 1800. ಬರೀ ಪಾಲ್ ಓದುವ ಮಷೀನಿಗೆ ಹಾಕಿದರೆ ಗೆರೆ, ಗದ್ದಲ ಬಿಟ್ಟು ಏನೂ ಕಾಣಲ್ಲ.

ನಾವು ಮಾಡಿದ್ದು

1. ಮೊದಲು ಟೇಪಿನ ಮೇಲೆ ಬಿಳಿ ಬೂಷ್ಟು ಇದೆಯಾ ನೋಡಿದ್ವಿ. ಇದ್ದರೆ ಪ್ಲೇ ಮಾಡಲೇಬೇಡಿ, ಹೆಡ್ಡೂ ಹಾಳು, ಟೇಪೂ ಹಾಳು.

2. 'ಎನ್‌ಟಿಎಸ್‌ಸಿ ಪ್ಲೇಬ್ಯಾಕ್' ಅಂತ ಬರೆದಿದ್ದ ವಿಸಿಆರ್ ಹುಡುಕಿದ್ವಿ. ಪರಿಚಯದವರ ಅಟ್ಟದಲ್ಲಿ ಸಿಕ್ಕಿತು.

3. ವಿಸಿಆರ್‌ನ ಹಳದಿ ಮತ್ತು ಆಡಿಯೋ ಪಿನ್‌ಗಳನ್ನು ಕ್ಯಾಪ್ಚರ್ ಕಾರ್ಡಿಗೆ ಜೋಡಿಸಿದ್ವಿ. ಸೆಟ್ಟಿಂಗ್ ಪಾಲ್ ಇಟ್ಟಾಗ ಚಿತ್ರ ಮೇಲಕ್ಕೆ ಉರುಳ್ತಾ ಹೋಯಿತು. ಎನ್‌ಟಿಎಸ್‌ಸಿ ಇಟ್ಟಾಗ ಚಿತ್ರ ನಿಂತಿತು, ಆದರೆ ಬಣ್ಣ ಇಲ್ಲ! ಇಲ್ಲೇ ಅರ್ಧ ದಿನ ಹೋಯಿತು.

ಕಾರಣ ಇಷ್ಟೇ. ಇಂಥ ವಿಸಿಆರ್ ಗೆರೆ ಮತ್ತು ವೇಗವನ್ನು ಎನ್‌ಟಿಎಸ್‌ಸಿಯಂತೆ ಬಿಟ್ಟು, ಬಣ್ಣವನ್ನು ಮಾತ್ರ ಪಾಲ್‌ನ 4.43 ಮೆಗಾಹರ್ಟ್ಸ್‌ಗೆ ಬದಲಿಸಿ ಕೊಡುತ್ತದೆ. ಕಾರ್ಡು 3.58ರಲ್ಲಿ ಬಣ್ಣ ಹುಡುಕುತ್ತಿತ್ತು. ಈ ಮಿಶ್ರಣದ ಹೆಸರು ಪಾಲ್-60. ಡ್ರೈವರ್ ಪಟ್ಟಿಯಲ್ಲಿ ಅದನ್ನು ಆರಿಸಿದ ಕೂಡಲೇ ಬಣ್ಣ ಬಂತು.

4. ರೆಕಾರ್ಡಿಂಗ್ 720×480, 29.97 ಫ್ರೇಮ್ ಇಡಿ. ಕಂಪ್ರೆಸ್ ಮಾಡದಿದ್ದರೆ ಸೆಕೆಂಡಿಗೆ ಸುಮಾರು 20.7 ಎಂಬಿ, ಅಂದರೆ ಗಂಟೆಗೆ 75 ಜಿಬಿ. ಡಿಸ್ಕಿನಲ್ಲಿ ಜಾಗ ಮೊದಲೇ ನೋಡಿಕೊಳ್ಳಿ. 25 ಫ್ರೇಮ್‌ಗೆ ಬದಲಿಸಬೇಡಿ, ಚಲನೆ ಜರ್ಕ್ ಹೊಡೆಯುತ್ತೆ.

5. ಕರೆಂಟ್ ಹೋದರೆ ಟೇಪ್ ಮಷೀನಿನಲ್ಲೇ ಸಿಕ್ಕಿಕೊಳ್ಳುತ್ತೆ. ನಾವು ವಿಸಿಆರ್ ಅನ್ನೂ ಯುಪಿಎಸ್‌ಗೆ ಹಾಕಿದ್ವಿ.

ಸಂಜೆ ಮನೆಯವರೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತರು. ಹಿಮದಲ್ಲಿ ಸ್ವೆಟರ್ ಹಾಕಿಕೊಂಡು ನಿಂತ ಅಜ್ಜ ಕ್ಯಾಮೆರಾ ನೋಡಿ, "ಸವದತ್ತ್ಯಾಗ ಎಲ್ಲಾರೂ ಆರಾಮ ಅದೀರೇನು?" ಅಂದರು. ಆಯಿ ಸ್ಕ್ರೀನ್ ನೋಡ್ತಾ, "ಆರಾಮ ಅದೀವ್ರೀ" ಅಂದರು. ನಾವ್ಯಾರೂ ಮಾತಾಡಲಿಲ್ಲ.

ಕೊನೆಯದಾಗಿ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲೇ ನಿಲ್ಲಿಸಿತು. ಇರೋ ಮಷೀನುಗಳೂ ಕಮ್ಮಿ ಆಗ್ತಿವೆ. ನಿಮ್ಮ ಮನೆಯಲ್ಲೂ "ಕೆಟ್ಟಿದೆ" ಅಂತ ಮೂಲೆಗೆ ಹಾಕಿದ ಫಾರಿನ್ ಕ್ಯಾಸೆಟ್ ಇದ್ದರೆ, ಒಗೆಯುವ ಮೊದಲು ಅದು ಯಾವ ದೇಶದಿಂದ ಬಂದದ್ದು ಅಂತ ಒಮ್ಮೆ ಕೇಳಿ.