ಜೀಪ್ ಮಾಡಿದ ಕಂಪನಿ

ತಿಕೋಟಾ, ಬಬಲೇಶ್ವರ ಕಡೆ ಯಾವ ಗಟ್ಟಿ ಗಾಡಿ ಬಂದರೂ ಹಿರಿಯರು ‘ಜೀಪ್ ಬಂತು’ ಅಂತಾರ. ಜೀಪಿನಿಂದಲೇ ಬದುಕಿಕೊಂಡ ಕಂಪನಿ ಅಮೆರಿಕದ ವಿಲ್ಲಿಸ್-ಓವರ್‌ಲ್ಯಾಂಡ್. 1912ರಿಂದ 1918ರವರೆಗೆ ಕಾರು ಮಾರಾಟದಲ್ಲಿ ಅಲ್ಲಿ ಫೋರ್ಡ್ ಬಿಟ್ಟರೆ ಇದೇ ದೊಡ್ಡದು. 1933ರಲ್ಲಿ ದಿವಾಳಿ ಎದ್ದಿತು. ಮುಂದೆ ಮಹಾಯುದ್ಧ ಬಂತು. ಸೈನ್ಯಕ್ಕೆ ನಾಲ್ಕೂ ಗಾಲಿಗೆ ಎಂಜಿನ್ ಬಲ ಸಿಗುವ ಸಣ್ಣ ಗಾಡಿ ಬೇಕಾಯಿತು. 1940ರಲ್ಲಿ ಮೊದಲು ಮಾಡಿ ತೋರಿಸಿದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ದೊಡ್ಡ ಆರ್ಡರ್ ಮಾತ್ರ ವಿಲ್ಲಿಸ್, ಫೋರ್ಡ್ ಪಾಲಾಯಿತು. ಬಿತ್ತಿದವ ಒಬ್ಬ, ರಾಶಿ ಮಾಡಿದವ ಇನ್ನೊಬ್ಬ! ನನಗಂತೂ ಇದು ಸರಿ ಅನಿಸೋದಿಲ್ಲ. ಯುದ್ಧ ಮುಗಿದ ಮ್ಯಾಲೆ ವಿಲ್ಲಿಸ್ ಅದನ್ನೇ ರೈತರ ಗಾಡಿ ಅಂತ ಮಾರಿತು. 1947ರಲ್ಲಿ ಮುಂಬೈಯಲ್ಲಿ ಮಹೀಂದ್ರಾದವರು ಬಿಡಿಭಾಗ ತರಿಸಿ ಜೀಪ್ ಜೋಡಿಸತೊಡಗಿದರು. 1953ರಲ್ಲಿ ಕೈಸರ್ ಕಂಪನಿ ವಿಲ್ಲಿಸನ್ನು ಕೊಂಡಿತು. 1963ರಲ್ಲಿ ಕಂಪನಿಗಿದ್ದ ವಿಲ್ಲಿಸ್ ಹೆಸರೂ ಹೋಯಿತು. ವಿಜಯಪುರಕ್ಕೆ ಹೋದಾಗ ಮಹೀಂದ್ರಾ ಥಾರ್ ಕಂಡರ ಅದರ ಮುಂಭಾಗ ನೋಡ್ರಿ, ವಿಲ್ಲಿಸ್ ಜೀಪಿನದೇ ಕಳೆ ಐತಿ.