ಕ್ರೋಮ್ ಮತ್ತು ಪ್ಲಾಟಿನಂ: ಗಣಿಯ ನಂಟು, ಪೀಣ್ಯದ ಲೆಕ್ಕ

ಪೀಣ್ಯದ ಕ್ರೋಮ್ ಪ್ಲೇಟಿಂಗ್ ಘಟಕಗಳಿಗೂ ಸ್ಟೇನ್‌ಲೆಸ್ ಸ್ಟೀಲ್ ಬಿಡಿಭಾಗಗಳ ತಯಾರಕರಿಗೂ ಕ್ರೋಮಿಯಂ ನಿತ್ಯ ಬಳಕೆಯ ಲೋಹ. ಉಷ್ಣತೆ ಅಳೆಯುವ ಸೆನ್ಸರ್‌ಗಳ ತಯಾರಿಕೆಗೆ ಪ್ಲಾಟಿನಂ ಬೇಕು. ಒಂದನ್ನು ಕಿಲೋ ಲೆಕ್ಕದಲ್ಲಿ ಕೊಂಡರೆ ಮತ್ತೊಂದನ್ನು ಗ್ರಾಂ ಲೆಕ್ಕದಲ್ಲಿ ಕೊಳ್ಳಲಾಗುತ್ತದೆ. ಆದರೂ ಇವೆರಡೂ ಹಲವೆಡೆ ಒಂದೇ ಶಿಲಾರಾಶಿಯಲ್ಲಿ ದೊರೆಯುವುದರಿಂದ, ಒಂದರ ಪೂರೈಕೆಯ ಏರುಪೇರು ಮತ್ತೊಂದನ್ನೂ ತಟ್ಟುತ್ತದೆ.

ಒಂದೇ ಶಿಲೆಯಲ್ಲಿ ಏಕೆ?

ಮೆಗ್ನೀಷಿಯಂ ಹಾಗೂ ಕಬ್ಬಿಣದ ಅಂಶ ಹೆಚ್ಚಿರುವ ಶಿಲಾಪಾಕವು ಭೂಗರ್ಭದಲ್ಲಿ ನಿಧಾನವಾಗಿ ತಣಿಯುವಾಗ ಖನಿಜಗಳು ಸರದಿಯಂತೆ ಹರಳುಗಟ್ಟುತ್ತವೆ. ಕ್ರೋಮಿಯಂನ ಅದಿರಾದ ಕ್ರೋಮೈಟ್ ಪದರಗಳಾಗಿ ಶೇಖರಗೊಳ್ಳುತ್ತದೆ. ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಮೊದಲಾದವು ಅಲ್ಪ ಪ್ರಮಾಣದಲ್ಲಿ ಅದೇ ಪದರಗಳಲ್ಲಿ ಅಥವಾ ಅವುಗಳ ಸಮೀಪದಲ್ಲಿ ಸೇರುತ್ತವೆ.

ಕರ್ನಾಟಕದ ನಿಕ್ಷೇಪಗಳು

ಇಂತಹ ಶಿಲೆಗಳು ರಾಜ್ಯದಲ್ಲಿಯೂ ಇವೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಶಿಲಾಪಟ್ಟಿಯ ಬೈರಾಪುರದಲ್ಲಿ ಸರ್ಕಾರಿ ಸ್ವಾಮ್ಯದ ಮೈಸೂರು ಮಿನರಲ್ಸ್ ಸಂಸ್ಥೆಯು ಕ್ರೋಮೈಟ್ ಗಣಿಗಾರಿಕೆ ನಡೆಸಿತ್ತು. ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಹನುಮಲಾಪುರದಲ್ಲಿ ಪ್ಲಾಟಿನಂ ಗುಂಪಿನ ಲೋಹಗಳಿರುವುದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಗುರುತಿಸಿದೆ. 2023ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಪ್ಲಾಟಿನಂ ಗುಂಪು ಸೇರಿದೆ, ಕ್ರೋಮಿಯಂ ಸೇರಿಲ್ಲ. ಆದರೆ ಖನಿಜ ಪತ್ತೆಯಾದ ಮಾತ್ರಕ್ಕೆ ಗಣಿ ಲಾಭದಾಯಕವಾಗದು. ಟನ್ ಅದಿರಿನಲ್ಲಿರುವ ಲೋಹ, ಪದರದ ದಪ್ಪ, ಆಳ ಮತ್ತು ಸಂಸ್ಕರಣಾ ವೆಚ್ಚಗಳೇ ಅದನ್ನು ನಿರ್ಧರಿಸುತ್ತವೆ.

ಬೆಲೆಯ ಕೀಲಿ ಎಲ್ಲಿದೆ?

ದೇಶದ ಕ್ರೋಮೈಟ್‌ಗೆ ಒಡಿಶಾದ ಸುಕಿಂದಾ ಕಣಿವೆಯೇ ಪ್ರಧಾನ ಆಧಾರ. ಆದರೆ ಅದಿರಿನಿಂದ ತಯಾರಾಗುವ ಫೆರೋಕ್ರೋಮ್ ಅಂತರರಾಷ್ಟ್ರೀಯ ಸರಕಾದ್ದರಿಂದ, ಹೊರಗಿನ ದರ ಇಲ್ಲಿಯೂ ಪ್ರತಿಫಲಿಸುತ್ತದೆ. ಕ್ರೋಮ್ ಮತ್ತು ಪ್ಲಾಟಿನಂ ಎರಡರಲ್ಲೂ ಅಗ್ರ ಉತ್ಪಾದಕ ದೇಶ ದಕ್ಷಿಣ ಆಫ್ರಿಕಾ. ಅಲ್ಲಿನ ಬುಷ್‌ವೆಲ್ಡ್ ಶಿಲಾಸಮೂಹದಲ್ಲಿ ಯುಜಿ-2 ಎಂಬ ಕ್ರೋಮೈಟ್ ಪದರವನ್ನು ಪ್ಲಾಟಿನಂಗಾಗಿ ಅಗೆಯುತ್ತಾರೆ. ಪ್ಲಾಟಿನಂ ಬೇರ್ಪಡಿಸಿದ ಬಳಿಕ ಉಳಿಯುವ ಪುಡಿಯಿಂದ ಕ್ರೋಮ್ ಸಾರವನ್ನು ಪಡೆಯುತ್ತಾರೆ. ಅಂದರೆ ಈ ಕ್ರೋಮ್ ಉಪ ಉತ್ಪನ್ನ. ಪ್ಲಾಟಿನಂ ಗಣಿ ನಿಂತರೆ ಸ್ಟೀಲ್‌ಗೆ ಎಷ್ಟೇ ಬೇಡಿಕೆಯಿದ್ದರೂ ಇದು ಬಾರದು. ಗಣಿ ನಡೆಯುತ್ತಿದ್ದರೆ ಸ್ಟೀಲ್ ಮಾರುಕಟ್ಟೆ ಮಂದವಿದ್ದರೂ ಬರುತ್ತಲೇ ಇರುತ್ತದೆ. 2014ರ ಜನವರಿಯಿಂದ ಜೂನ್‌ವರೆಗೆ ಅಲ್ಲಿನ ಪ್ಲಾಟಿನಂ ಗಣಿಗಳಲ್ಲಿ ನಡೆದ ಐದು ತಿಂಗಳ ಮುಷ್ಕರ ಇಂತಹ ಅಪಾಯಕ್ಕೆ ನಿದರ್ಶನ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಕನಿಷ್ಠ ಶೇ. 10.5ರಷ್ಟು, 304 ದರ್ಜೆಯಲ್ಲಿ ಸುಮಾರು ಶೇ. 18ರಷ್ಟು ಕ್ರೋಮಿಯಂ ಇರುತ್ತದೆ. ದೀರ್ಘಾವಧಿಯ ಆರ್ಡರ್‌ಗಳಿಗೆ ಸ್ಥಿರ ದರ ಒಪ್ಪುವ ಮುನ್ನ ಕಚ್ಚಾವಸ್ತುವಿನ ಬೆಲೆ ವ್ಯತ್ಯಾಸದ ಷರತ್ತನ್ನು ಒಪ್ಪಂದದಲ್ಲಿ ಸೇರಿಸುವುದು ಕ್ಷೇಮ.

2. ಪ್ಲೇಟಿಂಗ್ ತೊಟ್ಟಿಯಿಂದ ಹೊರತೆಗೆದ ವಸ್ತುವಿನೊಂದಿಗೆ ಕ್ರೋಮಿಕ್ ಆಸಿಡ್ ದ್ರಾವಣವೂ ಹೊರಬರುತ್ತದೆ. ವಸ್ತುವನ್ನು ತೊಟ್ಟಿಯ ಮೇಲೆಯೇ ಕೆಲಕ್ಷಣ ಹಿಡಿದು ಸೋರಲು ಬಿಟ್ಟು, ನಂತರ ಹರಿವಿಲ್ಲದ ನೀರಿನ ತೊಟ್ಟಿಯಲ್ಲಿ ಅದ್ದಬೇಕು. ಬಿಸಿಯಿಂದ ಆವಿಯಾಗಿ ಕಡಿಮೆಯಾದ ದ್ರಾವಣಕ್ಕೆ ಈ ನೀರನ್ನೇ ಮರಳಿಸಿದರೆ ರಾಸಾಯನಿಕದ ಖರ್ಚು ಉಳಿಯುತ್ತದೆ. ಆದರೆ ಕಬ್ಬಿಣ, ತಾಮ್ರದಂತಹ ಕಲ್ಮಶಗಳೂ ಮರಳುವುದರಿಂದ ದ್ರಾವಣವನ್ನು ಆಗಾಗ್ಗೆ ಪರೀಕ್ಷಿಸಬೇಕು.

3. ಹಳೆಯ ಪ್ಲಾಟಿನಂ ಥರ್ಮೋಕಪಲ್ ತಂತಿಗಳನ್ನು ಸಾಮಾನ್ಯ ಗುಜರಿಯೊಂದಿಗೆ ಮಾರದೆ, ತೂಕ ಮತ್ತು ಪರೀಕ್ಷಾ ವರದಿಯ ಆಧಾರದ ಮೇಲೆ ಮಾರಬೇಕು.

ಎರಡನೆಯ ಅಂಶ ಕೇವಲ ಉಳಿತಾಯದ ಮಾತಲ್ಲ. ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಬೆರೆತಿರುವುದು ಅಧ್ಯಯನಗಳಲ್ಲಿ ದಾಖಲಾಗಿದೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂನ ಮಿತಿ ಲೀಟರಿಗೆ 0.05 ಮಿಲಿಗ್ರಾಂ ಮಾತ್ರ. ಬುಷ್‌ವೆಲ್ಡ್‌ನ ಗಣಿ ಪೀಣ್ಯದ ಉದ್ಯಮಿಯ ಹತೋಟಿಯಲ್ಲಿಲ್ಲ. ತೊಟ್ಟಿಯಿಂದ ಚರಂಡಿಗೆ ಹರಿಯುವ ಕ್ರೋಮ್ ಅವರ ಹತೋಟಿಯಲ್ಲಿದೆ.